ನೆರಳಿಗೆ ಹಾಲು ಬೆರೆಸುವ ಡಬ್ಬಿ

ಡಬ್ಬಿ ಕೊನೆಗೂ ಮುಗಿಯಿತು. 63 ಎಂಎಂ ಪಿವಿಸಿ ಪೈಪಿನ ಒಂದು ತುಂಡು, ಅದರ ಬಾಯಿಗೆ ಹಾಲುಬಿಳಿ ಅಕ್ರಿಲಿಕ್, ಹಿಂದೆ ಒಂದೇ ಒಂದು ಎಲ್‌ಇಡಿ, 9 ವೋಲ್ಟಿನ ಬ್ಯಾಟರಿ. ಫಿಲ್ಮ್ ಕ್ಯಾಮೆರಾದ ಲೆನ್ಸಿಗೆ ಫಿಲ್ಟರ್ ತಿರುಗಿಸಿದ ಹಾಗೆ ಇದನ್ನೂ ತಿರುಗಿಸಿ ಕೂರಿಸಬಹುದು. ಇದರ ಕೆಲಸ ಇಷ್ಟೇ: ಫೋಟೋ ತೆಗೆದ ಮೇಲೆ ಅದೇ ಫ್ರೇಮಿನ ಮೇಲೆ ಒಂದು ಚೂರು ಬರೀ ಬೆಳಕು ಬೀಳಿಸುವುದು. ಚಿತ್ರ ಇಲ್ಲ, ಆಕಾರ ಇಲ್ಲ, ಸುಮ್ನೆ ಬೆಳಕು. ಆರು ವಾರ ಹಿಡಿಯಿತು, ನಾಲ್ಕು ರೋಲ್ ಫಿಲ್ಮ್ ಖರ್ಚಾಯಿತು. ಇನ್ನೊಬ್ಬರು ಮಾಡಲು ಹೊರಟರೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ, ತಪ್ಪಿದ್ದನ್ನೂ ಸೇರಿಸಿ.

ಇದು ಶುರುವಾದದ್ದು ಒಂದು ಸಿನಿಮಾದಿಂದ. ರಾಬರ್ಟ್ ಆಲ್ಟ್‌ಮನ್ 1973ರಲ್ಲಿ ಮಾಡಿದ ‘ದಿ ಲಾಂಗ್ ಗುಡ್‌ಬೈ’. ರೇಮಂಡ್ ಚಾಂಡ್ಲರ್ 1953ರಲ್ಲಿ ಬರೆದ ಅದೇ ಹೆಸರಿನ ಕಾದಂಬರಿಯಿಂದ ಬಂದದ್ದು. ನಾನು ಕಾದಂಬರಿ ಮೊದಲು ಓದಿದ್ದೆ. ಓದುವಾಗ ನನ್ನ ತಲೆಯಲ್ಲಿ ಇದ್ದ ಚಿತ್ರವೆಲ್ಲ ಹಳೆ ಕಪ್ಪು ಬಿಳುಪು ಪತ್ತೇದಾರಿ ಸಿನಿಮಾದ್ದು. ಮಸಿ ಬಳಿದಂಥ ನೆರಳು, ಕಿಟಕಿ ಪಟ್ಟಿಗಳ ಗೆರೆ ಬಿದ್ದ ಮುಖ, ಟೋಪಿ ಕೆಳಗೆ ಕಾಣದ ಕಣ್ಣು. ಸಿನಿಮಾ ನೋಡಿದರೆ ಅದರಲ್ಲಿ ಯಾವುದೂ ಇಲ್ಲ. ಕೊಲೆ ಇದೆ, ಮೋಸ ಇದೆ, ಗೆಳೆಯನ ಮೇಲಿನ ನಂಬಿಕೆ ಮುರಿಯುವುದಿದೆ, ಆದರೆ ಕಪ್ಪು ಮಾತ್ರ ಎಲ್ಲೂ ಪೂರ್ತಿ ಕಪ್ಪಲ್ಲ. ನೆರಳಿನ ಒಳಗೆಲ್ಲ ಹಾಲು ಬೆರೆಸಿದ ಹಾಗೆ ಒಂದು ಮಂಕು ಬೂದು, ಬಣ್ಣವೆಲ್ಲ ಬಿಸಿಲಿಗೆ ಮಾಸಿದ ಹಾಗೆ.

ಅದನ್ನು ಮಾಡಿದವರು ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್. ಹಂಗೇರಿಯವರು. 1956ರ ದಂಗೆಯ ದೃಶ್ಯಗಳನ್ನು ಗೆಳೆಯ ಲಾಸ್ಲೋ ಕೊವಾಕ್ಸ್ ಜೊತೆ ಚಿತ್ರಿಸಿ, ಆ ಫಿಲ್ಮ್ ಸಮೇತ ದೇಶ ಬಿಟ್ಟು ಬಂದವರು. ಹಳೆ ಪೋಸ್ಟ್‌ಕಾರ್ಡಿನ ಮಾಸಿದ ಬಣ್ಣ ಬೇಕು ಅನ್ನುವುದು ಆಲ್ಟ್‌ಮನ್ ಆಸೆಯಾಗಿತ್ತು. ಅದಕ್ಕೆ ಜಿಗ್ಮಂಡ್ ಕಂಡುಕೊಂಡ ದಾರಿ ಫ್ಲ್ಯಾಷಿಂಗ್. ಚಿತ್ರೀಕರಣ ಮುಗಿದ ನೆಗೆಟಿವ್ವನ್ನು ಡೆವಲಪ್ ಮಾಡುವ ಮುಂಚೆ ಲ್ಯಾಬ್‌ನಲ್ಲಿ ಅಳತೆ ಮಾಡಿದ ಮಂದ ಬೆಳಕಿಗೆ ಒಡ್ಡುವುದು. ಅಳತೆ ಹೆಚ್ಚು ಕಮ್ಮಿ ಆದರೆ ಇಡೀ ದಿನದ ಕೆಲಸ ಹಾಳು. ಅಷ್ಟು ದುಡ್ಡಿನ ಸಿನಿಮಾದಲ್ಲಿ, ಮತ್ತೆ ತೆಗೆಯಲಾಗದ ನೆಗೆಟಿವ್ ಮೇಲೆ ಹೀಗೆ ಮಾಡುವ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಒಂದು ದೃಶ್ಯ ಹೇಳಲೇಬೇಕು. ಮಾಲಿಬುವಿನಲ್ಲಿ ಸಮುದ್ರದ ದಂಡೆಗೆ ಒಂದು ಮನೆ (ಅದು ಆಗ ಆಲ್ಟ್‌ಮನ್ನರ ಮನೆಯೇ). ರಾತ್ರಿ. ಕಿಟಕಿಯ ಹತ್ತಿರ ಪತ್ತೇದಾರ ಮಾರ್ಲೋ ಮತ್ತು ಮನೆಯೊಡತಿ ಮಾತಾಡುತ್ತಿದ್ದಾರೆ. ಅವರ ಹಿಂದೆ ಗಾಜಿನಾಚೆ ದೂರದಲ್ಲಿ ಅವಳ ಗಂಡ, ಕುಡುಕ ಕಾದಂಬರಿಕಾರ, ಅಲೆಯೊಳಗೆ ನಡೆದುಹೋಗುತ್ತಿದ್ದಾನೆ. ಇಬ್ಬರಿಗೂ ಗೊತ್ತಿಲ್ಲ. ನಮಗೂ ಮೊದಲು ಗೊತ್ತಾಗುವುದಿಲ್ಲ. ಆ ಕತ್ತಲೆ ಮಸಿಯ ಹಾಗೆ ಕಪ್ಪಾಗಿದ್ದಿದ್ದರೆ ಅವನು ಕಾಣುತ್ತಲೇ ಇರಲಿಲ್ಲ. ಬೆಳಕು ಜಾಸ್ತಿ ಆಗಿದ್ದಿದ್ದರೆ ತಕ್ಷಣ ಕಂಡುಬಿಡುತ್ತಿದ್ದ. ಕಂಡೂ ಕಾಣದ ಹಾಗೆ ಇರುವುದು ಆ ಹಾಲು ಬೆರೆತ ನೆರಳಿನಿಂದ.

ನನಗೆ ಹಳೆ ಕಪ್ಪಿನ ಮೇಲೆ ಸಿಟ್ಟೇನೂ ಇಲ್ಲ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಇದೇ ಮುಂಬೈಯಲ್ಲಿ 1957ರ ‘ಪ್ಯಾಸಾ’ಕ್ಕೂ 1959ರ ‘ಕಾಗಜ್ ಕೇ ಫೂಲ್’ಗೂ ಕೊಟ್ಟ ಬೆಳಕು ನೆರಳು ನೋಡಿ ಬೆಳೆದವನು ನಾನು. ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಸ್ಟುಡಿಯೋ ಒಳಗೆ ಕಂಬದ ಹಾಗೆ ಇಳಿಸಿದ ಆ ಬೆಳಕಿಗೆ ಸುತ್ತ ಗಟ್ಟಿ ಕಪ್ಪು ಬೇಕೇ ಬೇಕು. ಆದರೆ ರಾತ್ರಿ ಹತ್ತರ ಮೇಲೆ ಮಾಟುಂಗಾದಿಂದ ಶಿವಡಿ ಕಡೆ ನಡೆದು ನೋಡಿ. ಮುಂಬೈ ರಾತ್ರಿ ಕಪ್ಪಲ್ಲ. ಸಮುದ್ರದ ತೇವ ಗಾಳಿಯಲ್ಲಿ ಯಾವಾಗಲೂ ಇರುತ್ತದೆ, ಬೀದಿದೀಪದ ಬೆಳಕು ಅದರಲ್ಲಿ ಹರಡಿ ಗಲ್ಲಿಯ ಮೂಲೆಮೂಲೆಗೂ ಸೋರುತ್ತದೆ, ಮಳೆಗಾಲದಲ್ಲಂತೂ ಮೋಡದ ಹೊಟ್ಟೆಯೇ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ನನ್ನ ಫೋಟೋಗಳಲ್ಲಿ ಅದು ಬರುತ್ತಿರಲಿಲ್ಲ. ಗಲ್ಲಿಯ ಬಾಯಿ ಬರೀ ಕಪ್ಪು ತೂತು. ನಾನು ಕಣ್ಣಾರೆ ನೋಡಿದ ಜಾಗ ಅದಲ್ಲ ಅನ್ನಿಸುತ್ತಿತ್ತು.

ಫೋನಿನಲ್ಲಿ ಕಪ್ಪನ್ನು ಸ್ವಲ್ಪ ಎತ್ತಿದರೆ ಆಯಿತಲ್ಲ ಅಂತ ಮನೆಯಲ್ಲೇ ಕೇಳಿದರು. ಅದು ಬೇರೆ, ಇದು ಬೇರೆ. ಯಾಕೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ, ಈ ಡಬ್ಬಿಯ ಜೀವ ಇರುವುದೇ ಈ ಲೆಕ್ಕದಲ್ಲಿ.

ಫಿಲ್ಮಿಗೆ ಒಂದು ಹೊಸ್ತಿಲು ಇದೆ. ಒಂದು ಮಟ್ಟಕ್ಕಿಂತ ಕಡಿಮೆ ಬೆಳಕು ಬಿದ್ದರೆ ಅಲ್ಲಿ ಏನೂ ದಾಖಲಾಗುವುದಿಲ್ಲ. ಮಧ್ಯದ ಬೂದು ಬಣ್ಣಕ್ಕೆ 16 ಪಾಲು ಬೆಳಕು ಅಂತ ಇಟ್ಟುಕೊಳ್ಳಿ. ಒಂದೊಂದು ಸ್ಟಾಪ್ (ಬೆಳಕಿನ ಅಳತೆಯ ಮೆಟ್ಟಿಲು) ಇಳಿದ ಹಾಗೆ ಅರ್ಧರ್ಧ: 8, 4, 2, 1. ಮೇಲೆ ಹೋದರೆ 32, 64, 128. ಈಗ ಇಡೀ ಫ್ರೇಮಿನ ಮೇಲೆ ಸಮನಾಗಿ 2 ಪಾಲು ಬೆಳಕು ಸುರಿಯಿರಿ. 1 ಇದ್ದದ್ದು 3 ಆಗುತ್ತದೆ, ಅಂದರೆ ಒಂದೂವರೆ ಸ್ಟಾಪ್ ಮೇಲೆ. 2 ಇದ್ದದ್ದು 4, ಸರಿಯಾಗಿ ಒಂದು ಸ್ಟಾಪ್. ಮಧ್ಯದ 16 ಬರೀ 18 ಆಗುತ್ತದೆ, ಗೊತ್ತೇ ಆಗುವುದಿಲ್ಲ. 128 ಇದ್ದದ್ದು 130. ಬಿಳಿ ಅಲ್ಲಾಡಲಿಲ್ಲ, ನೆರಳು ಮಾತ್ರ ಎದ್ದಿತು. ಮುಖ್ಯವಾದದ್ದು ಮುಂದೆ ಇದೆ. ಹೊಸ್ತಿಲಿನ ಕೆಳಗೆ ಅರ್ಧ ಪಾಲಿನಲ್ಲಿ ಮುಳುಗಿದ್ದ ವಸ್ತು ಎರಡೂವರೆಗೆ ಬಂದು ಹೊಸ್ತಿಲು ದಾಟುತ್ತದೆ, ದಾಖಲಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಎತ್ತಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಇರುವುದೇ ಇಲ್ಲ. ಕಪ್ಪನ್ನು ಬೂದು ಮಾಡಬಹುದು, ಅಷ್ಟೇ.

ಲ್ಯಾಬ್‌ನಲ್ಲಿ ಮಾಡುವುದನ್ನು ಮನೆಯಲ್ಲಿ ಹೇಗೆ ಮಾಡುವುದು? ರೋಲನ್ನು ವಾಪಸ್ ಸುತ್ತಿ, ಗುರುತು ಹಾಕಿ ಮತ್ತೆ ತುಂಬಿ, ಎರಡನೇ ಸಲ ಬೆಳಕು ಕೊಡುವವರಿದ್ದಾರೆ. ಅದರಲ್ಲಿ ಎಲ್ಲ ಫ್ರೇಮಿಗೂ ಒಂದೇ ಅಳತೆ ಆಗಿಬಿಡುತ್ತದೆ. ನನಗೆ ಒಂದೊಂದು ಫ್ರೇಮಿಗೆ ಬೇರೆ ಬೇರೆ ಬೇಕಿತ್ತು. ನನ್ನ ಬಳಿ ಇರುವುದು ನಿಕಾನ್ ಎಫ್‌ಎಂ2, 50 ಎಂಎಂ ಲೆನ್ಸ್. ಆ ಕ್ಯಾಮೆರಾದಲ್ಲಿ ಡಬಲ್ ಎಕ್ಸ್‌ಪೋಷರ್‌ಗೆ, ಅಂದರೆ ಒಂದೇ ಫ್ರೇಮಿಗೆ ಎರಡು ಸಲ ಬೆಳಕು ಕೊಡಲು, ಒಂದು ಪುಟ್ಟ ಲಿವರ್ ಇದೆ. ಅದನ್ನು ಎಳೆದುಕೊಂಡು ವೈಂಡ್ ಮಾಡಿದರೆ ಶಟರ್ ಸಜ್ಜಾಗುತ್ತದೆ, ಫಿಲ್ಮ್ ಮುಂದೆ ಹೋಗುವುದಿಲ್ಲ. ಹಾಗಾದರೆ ಬೆಳಕಿನ ಡಬ್ಬಿಯನ್ನೇ ಲೆನ್ಸಿಗೆ ಹಾಕಿದರೆ? ಫಿಲ್ಮ್ ಕೂದಲೆಳೆಯಷ್ಟು ಸರಿದರೂ ತೊಂದರೆ ಇಲ್ಲ, ಬರೀ ಬೆಳಕಿಗೆ ಎಲ್ಲಿಯೂ ಗೆರೆ ಇಲ್ಲವಲ್ಲ. ಈ ಯೋಚನೆ ಬಂದದ್ದು ದಾದರ್ ಸ್ಟೇಷನ್ನಿನ ಸೇತುವೆ ಮೇಲೆ, ಆ ದಿನವೇ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ.

ಸಾಮಾನು ಜಾಸ್ತಿ ಏನಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಎಲ್‌ಎಂ 317 ಐಸಿ (ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್) ಎರಡು, ರೆಸಿಸ್ಟರ್, ಬಿಳಿ ಎಲ್‌ಇಡಿ ತಂಪಿನದೂ ಬೆಚ್ಚನೆಯದೂ ಐದೈದು, ಬ್ಯಾಟರಿ ಕ್ಲಿಪ್, ಒಂದು ಸ್ವಿಚ್. ಪೈಪು ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ, ಅವರು ಹಳೆ ತುಂಡೊಂದನ್ನು ದುಡ್ಡು ತಗೊಳ್ಳದೆ ಕೊಟ್ಟರು. ಹಾಲುಬಿಳಿ ಅಕ್ರಿಲಿಕ್ 3 ಎಂಎಂ ದಪ್ಪದ್ದು ನಾಮಫಲಕ ಮಾಡುವವರ ಬಳಿ, ವೃತ್ತ ಕತ್ತರಿಸಿಯೇ ಕೊಟ್ಟರು. 52 ಎಂಎಂ ಫಿಲ್ಟರ್ ಉಂಗುರ ಮಾತ್ರ ಹುಡುಕಬೇಕಾಯಿತು. ಫೋರ್ಟ್‌ನ ಬೋರಾ ಬಜಾರಿನಲ್ಲಿ ಗಾಜು ಬಿರುಕು ಬಿಟ್ಟ ಒಂದು ಹಳೆ ಯುವಿ ಫಿಲ್ಟರ್ ಸಿಕ್ಕಿತು. ಗಾಜು ತೆಗೆದು ಉಂಗುರವನ್ನು ಪೈಪಿನ ಬಾಯಿಗೆ ಎಂ-ಸೀಲ್ ಹಾಕಿ ಕೂರಿಸಿದೆ. ಪೈಪಿನ ಉದ್ದ 70 ಎಂಎಂ, ಒಳಗೆ ಮ್ಯಾಟ್ ಬಿಳಿ ಪೇಂಟ್, ಹೊರಗೆ ಕಪ್ಪು ಟೇಪು. ಒಟ್ಟು ಖರ್ಚು ₹600 ದಾಟಲಿಲ್ಲ.

ಈಗ ಮೊದಲ ತಪ್ಪು. ಬ್ಯಾಟರಿ ಇಳಿದ ಹಾಗೆ ಎಲ್‌ಇಡಿ ಮಂಕಾಗಬಾರದು, ಅದಕ್ಕೆ ಎಲ್‌ಎಂ 317ನ್ನು ಸ್ಥಿರ ಕರೆಂಟ್ ಕೊಡುವ ಹಾಗೆ ಜೋಡಿಸಬೇಕು. ಸೂತ್ರ ಸುಲಭ, 1.25 ವೋಲ್ಟನ್ನು ರೆಸಿಸ್ಟರಿನಿಂದ ಭಾಗಿಸಿದರೆ ಕರೆಂಟ್ ಬರುತ್ತದೆ. ಮಂದ ಬೆಳಕು ಸಾಕಲ್ವಾ ಅಂತ 240 ಓಮ್ ಹಾಕಿದೆ. 5.2 ಮಿಲಿಆಂಪ್ ಬರಬೇಕಿತ್ತು. ಮಲ್ಟಿಮೀಟರ್ 6.8 ತೋರಿಸಿತು. ಐಸಿ ಬದಲಿಸಿದೆ, 5.9. ಎರಡು ದಿನ ಸೋಲ್ಡರಿಂಗ್ ಬಿಚ್ಚಿ ಮತ್ತೆ ಮಾಡಿದೆ, ರೆಸಿಸ್ಟರ್ ಅಳೆದೆ, ಎಲ್ಲ ಸರಿ ಇತ್ತು. ಕೊನೆಗೆ ಡೇಟಾಶೀಟ್ ಪೂರ್ತಿ ಓದಿದಾಗ ಗೊತ್ತಾಯಿತು. ಈ ಐಸಿಗೆ ತಾನು ಸರಿಯಾಗಿ ಕೆಲಸ ಮಾಡಲು ಇಂತಿಷ್ಟು ಕರೆಂಟ್ ಹರಿಯಲೇಬೇಕು, 10 ಮಿಲಿಆಂಪ್ ಇದ್ದರೆ ಮಾತ್ರ ಖಾತ್ರಿ. ಅದಕ್ಕಿಂತ ಕಮ್ಮಿಯಲ್ಲಿ ಹಿಡಿತ ತಪ್ಪುತ್ತದೆ, ಒಂದೊಂದು ಐಸಿ ಒಂದೊಂದು ಥರ. 100 ಓಮ್ ಹಾಕಿದೆ. 12.5 ಬರಬೇಕು, 12.4 ಬಂತು. ಬ್ಯಾಟರಿ 9 ಇದ್ದಾಗಲೂ 7 ಇದ್ದಾಗಲೂ ಅಷ್ಟೇ. ಬೆಳಕು ಕಡಿಮೆ ಬೇಕಾದರೆ ಕಾಗದದಿಂದ ತಡೆಯಿರಿ, ಕರೆಂಟಿನಿಂದ ಬೇಡ.

ಎಲ್‌ಇಡಿ ಮಂಕು ಮಾಡಲು ಅಂಗಡಿಯಲ್ಲಿ ಸಿಗುವ ಡಿಮ್ಮರ್ ಬೋರ್ಡ್ ಹಾಕಬೇಡಿ. ಅವುಗಳಲ್ಲಿ ಹೆಚ್ಚಿನವು ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿ ಮಂಕು ಮಾಡುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರ್ ಪರದೆ ಸರಿಯುವಾಗ ಫಿಲ್ಮಿನ ಮೇಲೆ ಪಟ್ಟೆ ಪಟ್ಟೆ ಬೀಳಬಹುದು.

ಎರಡನೇ ತೊಂದರೆ ಶಟರ್ ವೇಗದ್ದು. ಡಬ್ಬಿ ಹಾಕಿ ಅದರ ಬೆಳಕನ್ನು ಕ್ಯಾಮೆರಾದ ಮೀಟರಿನಲ್ಲೇ ಅಳೆಯಬಹುದು, ಇದು ಈ ವಿಧಾನದ ದೊಡ್ಡ ಅನುಕೂಲ. ಐಎಸ್‌ಒ (ಫಿಲ್ಮಿನ ಸೂಕ್ಷ್ಮತೆ) 200ಕ್ಕೆ, ಎಫ್ 5.6ರಲ್ಲಿ (ಇದು ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು) 1/60 ಸೆಕೆಂಡ್ ತೋರಿಸಿತು. ಮಧ್ಯದ ಬೂದಿಗಿಂತ ಮೂರು ಸ್ಟಾಪ್ ಕೆಳಗೆ ಬೇಕು, ಅಂದರೆ 1/500. ನಲವತ್ತು ವರ್ಷದ ಹತ್ತಿರದ ಕ್ಯಾಮೆರಾದಲ್ಲಿ 1/500, 1/1000ವನ್ನು ನಾನು ನಂಬುವುದಿಲ್ಲ. ಅಷ್ಟು ಸಣ್ಣ ಬೆಳಕಿನಲ್ಲಿ ಕಾಲು ಸ್ಟಾಪ್ ತಪ್ಪಿದರೂ ನೆರಳಲ್ಲಿ ಎದ್ದು ಕಾಣುತ್ತದೆ. ಎಲ್‌ಇಡಿ ಮತ್ತು ಅಕ್ರಿಲಿಕ್ ನಡುವೆ ಟ್ರೇಸಿಂಗ್ ಪೇಪರ್ ನಾಲ್ಕು ಪದರ ಇಟ್ಟೆ, ಎರಡು ಸ್ಟಾಪ್ ಇಳಿಯಿತು. ಈಗ ಮೀಟರ್ 1/15 ಅನ್ನುತ್ತದೆ, ಮೂರು ಸ್ಟಾಪ್ ಕೆಳಗೆ 1/125. ಎರಡಕ್ಕೆ 1/60, ನಾಲ್ಕಕ್ಕೆ 1/250. ಅರ್ಧ ಸ್ಟಾಪ್ ಬೇಕಾದರೆ ಲೆನ್ಸಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರವನ್ನು 5.6 ಮತ್ತು 8ರ ನಡುವೆ ನಿಲ್ಲಿಸುವುದು. ಹಾಲು ಎಷ್ಟು ಅನ್ನುವುದಕ್ಕೆ ಶಟರ್ ವೇಗದ ಗುಂಡಿಯೇ ಅಳತೆ ಲೋಟ ಆಯಿತು.

ಸಮತೆ ಮೂರನೆಯದು. ಲೆನ್ಸ್ ಪೂರ್ತಿ ತೆರೆದು ಎಫ್ 1.8ರಲ್ಲಿ ಫ್ಲ್ಯಾಷ್ (ಅಂದರೆ ಡಬ್ಬಿಯ ಬೆಳಕು, ಮಿಂಚುವ ಫ್ಲ್ಯಾಷ್ ದೀಪ ಅಲ್ಲ) ಕೊಟ್ಟಾಗ ನಾಲ್ಕು ಮೂಲೆಯೂ ಕಪ್ಪಾದವು. ಎಫ್ 11ಕ್ಕೆ ಇಳಿಸಿದಾಗ ಮಧ್ಯದಲ್ಲಿ ಮೊಟ್ಟೆಯ ಹಾಗೆ ಒಂದು ಬಿಳಿ ಗುಂಡು. ಕಿಂಡಿ ಸಣ್ಣದಾದಷ್ಟೂ ಅಕ್ರಿಲಿಕ್ಕಿನ ಮೇಲಿನ ಏರುಪೇರು ಫಿಲ್ಮಿಗೆ ಸ್ಪಷ್ಟವಾಗಿ ಇಳಿಯುತ್ತದೆ. ಫೋಕಸ್ ಅನಂತಕ್ಕೆ ಇಟ್ಟು ಎಫ್ 5.6ರಲ್ಲಿ ಕೊಟ್ಟರೆ ಎರಡೂ ತೊಂದರೆ ಇಲ್ಲ. ಹೊರಗಿನ ಬೆಳಕು ಉಂಗುರದ ಸಂದಿಯಿಂದ ನುಗ್ಗುತ್ತಿತ್ತು, ಹರಿದ ಛತ್ರಿಯ ಕಪ್ಪು ಬಟ್ಟೆಯಿಂದ ಒಂದು ಪಟ್ಟಿ ಹೊಲಿದು ಸುತ್ತಿದ ಮೇಲೆ ನಿಂತಿತು.

ಪರೀಕ್ಷೆಗೆ ಮೊದಲು ಕಪ್ಪು ಬಿಳುಪು ಫಿಲ್ಮ್, ಇಲ್ಫರ್ಡ್ ಎಚ್‌ಪಿ5. ಅಡುಗೆಮನೆಯ ಬಾಗಿಲ ಹಿಂದಿನ ಮಬ್ಬು ಮೂಲೆಯಲ್ಲಿ ಕಪ್ಪು ಛತ್ರಿ, ಹುಣಸೆಹಣ್ಣಿನ ಕಂದು ಡಬ್ಬಿ, ಬಿಳಿ ಪಂಚೆ ಮೂರನ್ನೂ ಸಾಲಾಗಿ ಇಟ್ಟು ಒಂದೇ ಎಕ್ಸ್‌ಪೋಷರಿನಲ್ಲಿ ಏಳು ಫ್ರೇಮ್ ತೆಗೆದೆ. ಮೊದಲನೆಯದಕ್ಕೆ ಫ್ಲ್ಯಾಷ್ ಇಲ್ಲ, ಆಮೇಲೆ ನಾಲ್ಕು ಸ್ಟಾಪ್ ಕೆಳಗಿನಿಂದ ಒಂದೂವರೆ ಸ್ಟಾಪ್ ಕೆಳಗಿನವರೆಗೆ ಅರ್ಧರ್ಧ ಮೆಟ್ಟಿಲು. ಡಿ-76 ಡೆವಲಪರ್ ಒಂದಕ್ಕೊಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ಈ ಊರಿನಲ್ಲಿ 20 ಡಿಗ್ರಿ ಅನ್ನುವುದೇ ಕಷ್ಟ. ನಲ್ಲಿ ನೀರು 29 ಇತ್ತು. ಬಕೆಟಿನಲ್ಲಿ ಐಸ್ ಹಾಕಿ ಕೆಮಿಕಲ್ ಬಾಟಲಿಗಳನ್ನೆಲ್ಲ ಅದರಲ್ಲಿ ನಿಲ್ಲಿಸಿ ಕಾಯಬೇಕು.

ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿದೆ. ಮೊದಲ ಫ್ರೇಮಿನಲ್ಲಿ ಛತ್ರಿ ಇಲ್ಲ, ನೆಗೆಟಿವ್ ಅಲ್ಲಿ ಬರೀ ಗಾಜಿನ ಹಾಗೆ ಖಾಲಿ. ನಾಲ್ಕು ಸ್ಟಾಪ್ ಕೆಳಗಿನದರಲ್ಲಿ ಛತ್ರಿಯ ಹಿಡಿಕೆ ಇದೆಯೋ ಏನೋ ಅನ್ನಿಸುತ್ತದೆ. ಮೂರರಲ್ಲಿ ಬಟ್ಟೆಯ ಮಡಿಕೆ ಎಣಿಸಬಹುದು. ಎರಡರಲ್ಲಿ ಮಡಿಕೆ ಇನ್ನೂ ಕಾಣುತ್ತದೆ, ಆದರೆ ಮಬ್ಬು ಕವಿದು ಕಾಳು ಕಾಳಾಗಿ ಗ್ರೇನ್ ಏಳುತ್ತದೆ. ಒಂದೂವರೆಯಲ್ಲಿ ಎಲ್ಲ ನೀರುಮಜ್ಜಿಗೆ. ಪಂಚೆಯ ಬಿಳಿ (ನೆಗೆಟಿವ್ವಿನಲ್ಲಿ ಅದು ಕಪ್ಪು) ಮಾತ್ರ ಏಳೂ ಫ್ರೇಮಿನಲ್ಲಿ ಒಂದೇ. ಲೆಕ್ಕದಲ್ಲಿ ಓದಿದ್ದು ಬಾಗಿಲ ಹಿಂದಿನ ಛತ್ರಿಯಲ್ಲಿ ಹಾಗೇ ಬಂದದ್ದು ನೋಡಿ ಆ ದಿನ ಆದ ಸಂತೋಷ ಹೇಳಲಾರೆ, ರಾತ್ರಿ ಒಂದೂವರೆಗೆ ಎಲ್ಲರನ್ನೂ ಎಬ್ಬಿಸಿ ತೋರಿಸಿದೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಸಿನಿಮಾ ಲ್ಯಾಬ್‌ನಲ್ಲಿ ಪ್ರಿಂಟಿಂಗ್ ಕೆಲಸ ಮಾಡಿ ನಿವೃತ್ತರಾದವರು. ಬೆಳಿಗ್ಗೆ ಅವರಿಗೆ ತೋರಿಸಿದೆ. ತುಂಬಾ ಹೊತ್ತು ಮಾತಾಡಲಿಲ್ಲ. “ಇದು ಲೆಕ್ಕ ಸರಿ ಉಂಟು ಮಾರಾಯ. ಕಲರ್‌ನಲ್ಲಿ ಮಾಡಿ ನೋಡು, ಅಲ್ಲಿ ನಿಂಗೆ ಪಾಠ ಸಿಗ್ತದೆ” ಅಂದರು.

ಪಾಠ ಸಿಕ್ಕಿತು. ಎರಡು ಕಡೆಯಿಂದ.

ಕೊಡಾಕ್ ಗೋಲ್ಡ್ 200 ಕಲರ್ ಫಿಲ್ಮ್ ತುಂಬಿ ಒಂದು ಇಡೀ ರೋಲ್ ಮಾಡಿದೆ. ತಂಪು ಬಿಳಿ ಎಲ್‌ಇಡಿ ಇತ್ತು ಡಬ್ಬಿಯಲ್ಲಿ. ಸಮಯ ಇರಲಿಲ್ಲ ಅಂತ ಡೆವಲಪ್ ಮತ್ತು ಸ್ಕ್ಯಾನ್ ಎರಡನ್ನೂ ಹೊರಗೆ ಒಂದು ಲ್ಯಾಬಿಗೆ ಕೊಟ್ಟೆ. ಸ್ಕ್ಯಾನ್ ಬಂದಾಗ ಎದೆ ಧಸಕ್ಕೆಂದಿತು. ಫ್ಲ್ಯಾಷೇ ಇಲ್ಲ! ಎಲ್ಲ ಫ್ರೇಮಿನಲ್ಲೂ ಕಪ್ಪು ಗಟ್ಟಿಯಾಗಿ ಕೂತಿದೆ. ಡಬ್ಬಿ ಹೊತ್ತಲಿಲ್ಲವೋ, ಲಿವರ್ ಸರಿಯಾಗಿ ಎಳೆಯಲಿಲ್ಲವೋ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ನೆಗೆಟಿವ್ ಕೈಗೆ ಬಂದ ಮೇಲೆ ನೋಡಿದರೆ ನೆರಳಿನಲ್ಲಿ ಮಬ್ಬು ಸರಿಯಾಗಿಯೇ ಇದೆ. ಆಗಿದ್ದು ಏನೆಂದರೆ ಸ್ಕ್ಯಾನರ್ ತಾನಾಗಿ ಚಿತ್ರದ ಅತಿ ಕಪ್ಪು ಜಾಗ ಯಾವುದು ಅಂತ ಹುಡುಕಿ ಅದನ್ನು ಪೂರ್ತಿ ಕಪ್ಪಿಗೆ ಎಳೆದುಬಿಡುತ್ತದೆ. ನಾನು ಬೆರೆಸಿದ ಹಾಲನ್ನು ಅದು ಸೋಸಿ ತೆಗೆದಿತ್ತು. ಲ್ಯಾಬಿನವರದು ತಪ್ಪಲ್ಲ, ಎಲ್ಲರಿಗೂ ಬೇಕಾದದ್ದು ಅದೇ. ಈಗ ಮನೆಯಲ್ಲೇ ಡಿಜಿಟಲ್ ಕ್ಯಾಮೆರಾದಿಂದ ನೆಗೆಟಿವ್ ಕಾಪಿ ಮಾಡುತ್ತೇನೆ. ಕಪ್ಪು ಯಾವುದು ಅನ್ನುವುದನ್ನು ಚಿತ್ರದಿಂದ ತಗೊಳ್ಳುವುದಿಲ್ಲ, ಫ್ರೇಮಿನ ಹೊರಗೆ ಬೆಳಕೇ ಬೀಳದ ಅಂಚಿನಿಂದ ತಗೊಳ್ಳುತ್ತೇನೆ. ಆ ಒಂದು ಅಳತೆಯನ್ನು ಇಡೀ ರೋಲಿಗೆ ಹಾಗೇ ಇಡುತ್ತೇನೆ. ಫ್ಲ್ಯಾಷ್ ಮಾಡುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಎರಡನೆಯದು ಬಣ್ಣ. ಹಾಗೆ ಕಾಪಿ ಮಾಡಿದಾಗ ನೆರಳೆಲ್ಲ ಹಸಿರುನೀಲಿ. ನೆರಳಿನಲ್ಲಿ ಫ್ಲ್ಯಾಷ್ ಬೆಳಕೇ ಅರ್ಧಕ್ಕಿಂತ ಜಾಸ್ತಿ, ಹಾಗಾಗಿ ಡಬ್ಬಿಯ ಬಣ್ಣವೇ ನೆರಳಿನ ಬಣ್ಣ. ಆಸ್ಪತ್ರೆಯ ಕಾರಿಡಾರಿನ ಹಾಗೆ ಕಾಣುತ್ತಿತ್ತು. 2015ರಲ್ಲಿ ಮರೀನ್ ಡ್ರೈವಿನ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಇಡೀ ಊರು ಬೇಜಾರು ಮಾಡಿಕೊಂಡದ್ದು ನೆನಪಿದೆ ಅಲ್ವಾ, ಆ ಬೇಜಾರು ನನಗೆ ಈಗ ಸರಿಯಾಗಿ ಅರ್ಥವಾಯಿತು. ಬೆಚ್ಚನೆಯ ಎಲ್‌ಇಡಿ ಹಾಕಿದೆ. ನೆರಳು ಚಹಾದ ಕಲೆಯ ಬಣ್ಣಕ್ಕೆ ತಿರುಗಿತು, ಹಳೆ ಪೋಸ್ಟ್‌ಕಾರ್ಡ್ ಹಿಂಬದಿಯ ಹಾಗೆ. ಇದನ್ನೇ ಇಟ್ಟುಕೊಂಡೆ. ಸಮುದ್ರಕ್ಕೆ ಮಾತ್ರ ತಿಳಿನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಒಂದು ಚೂರು ತೂರಿಸಲು ಪೈಪಿಗೆ ಗರಗಸದಿಂದ ಸೀಳು ಮಾಡಿದ್ದೇನೆ.

ಕಲರ್ ಡೆವಲಪ್ ಈಗ ಮನೆಯಲ್ಲೇ. ಕಲರ್ ನೆಗೆಟಿವ್ ಡೆವಲಪ್ ಮಾಡುವ ಸಿ-41 ವಿಧಾನಕ್ಕೆ 37.8 ಡಿಗ್ರಿ ಬೇಕು, ಡೆವಲಪರ್ 3 ನಿಮಿಷ 15 ಸೆಕೆಂಡ್. ಕಪ್ಪು ಬಿಳುಪಿಗೆ ಕಾಡಿದ ಮುಂಬೈ ಹವೆ ಇದಕ್ಕೆ ಸಹಾಯ ಮಾಡುತ್ತದೆ. ಬಕೆಟಿನ ಬಿಸಿನೀರು ತಣಿಯುವುದೇ ಇಲ್ಲ.

ನಾಲ್ಕನೇ ರೋಲ್ ಜೂನ್ ಕೊನೆ ವಾರ, ಮೂರು ರಾತ್ರಿ.

ಮೊದಲ ರಾತ್ರಿ ಮಾಟುಂಗಾದಲ್ಲೇ. ನಾನು ದಿನಾ ಕಾಫಿ ಕುಡಿಯುವ ಉಡುಪಿ ಹೋಟೆಲಿನ ಗಾಜಿನ ಹೊರಗೆ ನಿಂತೆ. ಸಿನಿಮಾದಲ್ಲಿ ಮಾಲಿಬು ಮನೆಯ ಗಾಜಿನ ಒಳಗೆ ಗಂಡ ಹೆಂಡತಿ ಜಗಳ ಆಡುವಾಗ ಅದೇ ಗಾಜಿನ ಮೇಲೆ ದಂಡೆಯಲ್ಲಿ ಅಲೆಯುವ ಮಾರ್ಲೋನ ಪ್ರತಿಬಿಂಬ ಬೀಳುತ್ತದೆ. ಇಲ್ಲಿ ಒಳಗೆ ಮೇಜು ಒರೆಸುವ ಹುಡುಗ, ಗಾಜಿನ ಮೇಲೆ ಎದುರಿನ ಹೂವಿನ ಅಂಗಡಿ ಮುಚ್ಚುತ್ತಿರುವವಳು. ಒಬ್ಬರಿಗೊಬ್ಬರು ಬೆನ್ನು. ಎಫ್ 2, 1/15. ಮೂರೂವರೆ ಸ್ಟಾಪ್ ಕೆಳಗೆ ಫ್ಲ್ಯಾಷ್. ಗಾಜಿಗೆ ಕಮ್ಮಿ ಸಾಕು, ಪ್ರತಿಬಿಂಬವೇ ಒಂದು ಥರ ಫ್ಲ್ಯಾಷ್ ಅಲ್ವಾ, ಒಂದು ಚಿತ್ರದ ಮೇಲೆ ಇನ್ನೊಂದು ಬೆಳಕು.

ಎರಡನೇ ರಾತ್ರಿ ವರ್ಲಿ ಸೀಫೇಸ್. ಮಳೆ ನಿಂತು ಅರ್ಧ ಗಂಟೆ ಆಗಿತ್ತು, ಅಲೆ ಗೋಡೆಗೆ ಬಡಿದು ಮೇಲೆ ಹಾರುತ್ತಿತ್ತು. ಇಲ್ಲಿ ಎರಡೂವರೆ ಸ್ಟಾಪ್ ಕೆಳಗೆ, ನೀಲಿ ಜೆಲ್ ಹಾಕಿ. ಡಬ್ಬಿಗೆ ಉಪ್ಪುನೀರು ಸಿಡಿದು ಸ್ವಿಚ್ ಕೆಟ್ಟಿತು, ಮನೆಗೆ ಬಂದು ಬದಲಿಸಿದೆ. ಮಳೆಗಾಲಕ್ಕೆ ಸ್ವಿಚ್ಚಿನ ಮೇಲೆ ಬಲೂನಿನ ರಬ್ಬರ್ ಬಿಗಿದು ಕಟ್ಟಿ. ಈ ಫ್ರೇಮುಗಳಲ್ಲಿ ಸಮುದ್ರಕ್ಕೂ ಆಕಾಶಕ್ಕೂ ನಡುವೆ ಗೆರೆ ಇಲ್ಲ. ನಾನು ನೋಡಿದಾಗಲೂ ಇರಲಿಲ್ಲ. ಇಷ್ಟು ವರ್ಷ ಅಲ್ಲಿ ತೆಗೆದ ಫೋಟೋಗಳಲ್ಲಿ ಮೊದಲ ಸಲ ನಾನು ನಿಂತ ಜಾಗ ಕಂಡಿತು.

ಮೂರನೇ ರಾತ್ರಿ ಕಾಟನ್ ಗ್ರೀನ್. ಹಳೆ ಹತ್ತಿ ಗೋದಾಮುಗಳ ಉದ್ದ ಸಾಲು, ಒಂದು ಕಡೆ ದೀಪ ಇದೆ, ಇನ್ನೊಂದು ಕಡೆ ಇಲ್ಲ. ಇಲ್ಲಿ ಸ್ಟ್ಯಾಂಡ್ ಇಟ್ಟು ಒಂದೇ ದೃಶ್ಯವನ್ನು ಎರಡು ಸಲ ತೆಗೆದೆ, ಒಂದು ಫ್ಲ್ಯಾಷ್ ಇಲ್ಲದೆ, ಒಂದು ಮೂರು ಸ್ಟಾಪ್ ಕೆಳಗೆ. ಕ್ರಮ ಹೀಗೆ: ಫೋಟೋ ತೆಗೆ, ಲಿವರ್ ಎಳೆದು ವೈಂಡ್ ಮಾಡು, ಡಬ್ಬಿ ತಿರುಗಿಸು, ಉಂಗುರ 5.6, ಫೋಕಸ್ ಅನಂತ, ಗುಂಡಿ 1/125, ಸ್ವಿಚ್, ಕ್ಲಿಕ್. ಅಭ್ಯಾಸವಾದ ಮೇಲೆ ಇಪ್ಪತ್ತು ಸೆಕೆಂಡ್ ಸಾಕು. ಶುರುವಿನಲ್ಲಿ ಕತ್ತಲಲ್ಲಿ ಎರಡು ಫ್ರೇಮಿಗೆ ಉಂಗುರ ತಿರುಗಿಸುವುದೇ ಮರೆತು ಎಫ್ 2ರಲ್ಲೇ ಫ್ಲ್ಯಾಷ್ ಕೊಟ್ಟೆ, ಮೂರು ಸ್ಟಾಪ್ ಜಾಸ್ತಿ, ಎರಡೂ ಹೋದವು. ಈಗ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಉಂಗುರ 5.6’ ಅಂತ ಬಿಳಿ ಪೇಂಟಿನಲ್ಲಿ ಬರೆದಿದ್ದೇನೆ.

ಒಣಗಿದ ಪಟ್ಟಿಯನ್ನು ಕೆಳಮನೆಗೆ ಒಯ್ದೆ. ಹಿರಿಯರು ಲೂಪ್ (ಭೂತಗನ್ನಡಿ) ಹಿಡಿದು ಕಿಟಕಿ ಬೆಳಕಿಗೆ ಒಂದೊಂದಾಗಿ ನೋಡಿದರು. ಕಾಟನ್ ಗ್ರೀನ್ ಜೋಡಿಗೆ ಬಂದಾಗ ನಿಂತರು. ಮೊದಲನೆಯದು ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದು.

“ಇವ ಯಾರು?”

ಯಾರೂ ಇರಲಿಲ್ಲ ಅಂದೆ. ಲೂಪ್ ಕೈಗೆ ಕೊಟ್ಟರು. ದೀಪ ಇಲ್ಲದ ಕಡೆ, ಗೋದಾಮಿನ ಬಾಗಿಲ ಪಕ್ಕದಲ್ಲಿ ಒಂದು ಕೈಗಾಡಿ ನಿಂತಿದೆ. ಅದರ ಮೇಲೆ ಒಬ್ಬ ಮಲಗಿದ್ದಾನೆ, ಮೊಣಕಾಲು ಮಡಚಿ, ಮುಖದ ಮೇಲೆ ತೋಳು. ಅರ್ಧ ಗಂಟೆ ಅದೇ ಜಾಗದಲ್ಲಿ ನಿಂತಿದ್ದೆ, ಅವನನ್ನು ನೋಡಿಯೇ ಇರಲಿಲ್ಲ. ಫ್ಲ್ಯಾಷ್ ಇಲ್ಲದ ಫ್ರೇಮಿನಲ್ಲಿ ಅಲ್ಲಿ ಏನೂ ಇಲ್ಲ, ಬರೀ ಗಾಜು.

ಹಿರಿಯರು ಡಬ್ಬಿಯನ್ನು ಕೇಳಿ ತಗೊಂಡರು. ಹೊತ್ತಿಸಿ, ಅಕ್ರಿಲಿಕ್ಕನ್ನು ಕಣ್ಣ ಹತ್ತಿರ ಹಿಡಿದು ಎಡಬಲ ತಿರುಗಿಸಿ ನೋಡಿದರು. ಬಲ ಅಂಚು ಕೂದಲಷ್ಟು ಮಂಕು ಉಂಟು, ಎಲ್‌ಇಡಿ ನಡುವಿಗೆ ಇಲ್ಲ ಅಂದರು. ಅಳೆದು ನೋಡಿದೆ. 2 ಎಂಎಂ ಎಡಕ್ಕೆ ಇತ್ತು. ಈ ವಾರ ಬಿಚ್ಚಿ ಸರಿ ಮಾಡುತ್ತೇನೆ. ಶನಿವಾರ ರಾತ್ರಿ ಮತ್ತೆ ಕಾಟನ್ ಗ್ರೀನ್‌ಗೆ ಹೋಗುವುದಿದೆ, ಅವರೂ ಬರುತ್ತಾರಂತೆ, ತಮ್ಮ ಟಾರ್ಚು ತಾವೇ ತರುತ್ತಾರಂತೆ.